ಛತ್ರದ ಪರವಾಗಿ ಬಂದವರು ಯಾರು?



ಮೂವತ್ತು ವರ್ಷದ ಹಿಂದಿನ ಮಾತು. ನಮ್ಮ ತಾಲ್ಲೂಕು ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ನಿಂತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಬಿಳಿ ಪಂಚೆ, ಮೇಲೊಂದು ಕೋಟು, ಕೈಯಲ್ಲಿ ಖಾದಿ ಚೀಲ. ಆ ಚೀಲದಲ್ಲಿ ಒಂದು ಛತ್ರದ ನಲವತ್ತು ವರ್ಷದ ಬದುಕೇ ಇತ್ತು: ಛಾಪಾ ಕಾಗದದ ಮೇಲೆ ಬರೆದ ಟ್ರಸ್ಟ್ ಡೀಡು, ಉದ್ದನೆಯ ಲೆಕ್ಕದ ಪುಸ್ತಕ, ದಾರಕ್ಕೆ ಪೋಣಿಸಿದ ರಸೀತಿಗಳು. ಮೇಷ್ಟ್ರು ಆ ಛತ್ರದ ಧರ್ಮದರ್ಶಿ. ಛತ್ರದಲ್ಲಿ ಸುತ್ತಲ ಹಳ್ಳಿಗಳಿಂದ ಓದಲು ಬಂದ ಹುಡುಗರಿಗೆ ಎರಡು ಹೊತ್ತು ಊಟ. ಆ ಊಟದ ಖರ್ಚು ನಡೆಯುತ್ತಿದ್ದುದು ಬೀದಿಗೆ ಮುಖಮಾಡಿದ ಮೂರು ಮಳಿಗೆಗಳ ಬಾಡಿಗೆಯಿಂದ. ನಡುವಿನ ಮಳಿಗೆಯಾತ ವರ್ಷಗಟ್ಟಲೆ ಬಾಡಿಗೆ ಕೊಟ್ಟಿರಲಿಲ್ಲ, ಜಾಗ ಬಿಟ್ಟೂ ಹೋಗಿರಲಿಲ್ಲ. ಅವನನ್ನು ಬಿಡಿಸಬೇಕೆಂದು ದಾವೆ.

ಪಾಟೀಸವಾಲಿಗೆ ಎದ್ದ ಎದುರು ಪಕ್ಷದ ವಕೀಲರು ಬಾಡಿಗೆಯ ಮಾತನ್ನೇ ಎತ್ತಲಿಲ್ಲ.

'ಮೇಷ್ಟ್ರೇ, ಡೀಡಿನಲ್ಲಿ ಎಷ್ಟು ಜನ ಧರ್ಮದರ್ಶಿಗಳ ಹೆಸರಿದೆ?'

'ಐದು ಜನರದು.'

'ಈಗ?'

'ಇಬ್ಬರು ತೀರಿಕೊಂಡರು. ನಾವು ಮೂವರು ಇದ್ದೇವೆ.'

'ಉಳಿದ ಇಬ್ಬರು ಈ ದಾವೆಗೆ ಸಹಿ ಹಾಕಿದ್ದಾರೆಯೇ?'

'ಇಲ್ಲ.'

'ನಿಮಗೆ ಅಧಿಕಾರ ಕೊಟ್ಟು ಠರಾವಾದರೂ ಮಾಡಿದ್ದಾರೆಯೇ?'

ಮೇಷ್ಟ್ರು ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದರು.

'ಹಾಗಾದರೆ ಛತ್ರದ ಪರವಾಗಿ ಬಂದವರು ಯಾರು, ಸ್ವಾಮಿ?'

ಆ ದಾವೆ ಬರೆದವನು ನಾನು. ವಾದಿಯ ಹೆಸರಿನ ಜಾಗದಲ್ಲಿ ಛತ್ರದ ಟ್ರಸ್ಟಿನ ಹೆಸರು ಬರೆದು, ಕೆಳಗೆ 'ಮ್ಯಾನೇಜಿಂಗ್ ಟ್ರಸ್ಟಿಯವರ ಮೂಲಕ' ಎಂದು ಸೇರಿಸಿ, ಮೇಷ್ಟ್ರ ಒಬ್ಬರದೇ ಸಹಿ ಹಾಕಿಸಿದ್ದೆ. ನೋಟೀಸು ಹೋದದ್ದೂ ಅವರೊಬ್ಬರ ಹೆಸರಿನಲ್ಲೇ. ಆರು ವರ್ಷ ನಡೆದ ದಾವೆ ಇದೊಂದೇ ಕಾರಣಕ್ಕೆ ವಜಾ ಆಯಿತು. ಬಾಡಿಗೆ ಬಾಕಿ ಇದೆಯೇ ಇಲ್ಲವೇ ಎಂಬುದನ್ನು ಕೋರ್ಟು ವಿಚಾರಿಸುವ ಹಂತಕ್ಕೇ ಬರಲಿಲ್ಲ. ಮೇಷ್ಟ್ರ ಆ ನೋಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಇವತ್ತು ಈ ವಿಷಯವನ್ನೇ ಆರಿಸಿಕೊಂಡು ನಿಮ್ಮ ಮುಂದೆ ಕೂತಿರುವುದಕ್ಕೂ ಅದೇ ಕಾರಣ.

ನಮ್ಮ ಊರುಗಳಲ್ಲಿ ಟ್ರಸ್ಟ್ ಎಂದರೆ ಬೋರ್ಡು ಹಾಕಿದ ಒಂದು ಸಂಸ್ಥೆ ಎಂದೇ ಎಲ್ಲರ ತಿಳಿವಳಿಕೆ. ಅದಕ್ಕೊಂದು ಮುದ್ರೆ, ಒಂದು ಬ್ಯಾಂಕ್ ಖಾತೆ, ಪ್ಯಾನ್ ನಂಬರು ಎಲ್ಲ ಇರುತ್ತದೆ. ಆದರೆ ಕಾನೂನಿನ ಕಣ್ಣಿಗೆ ಅದು ಕಂಪನಿಯ ಹಾಗೆ ಸ್ವಂತ ಒಡಲುಳ್ಳ ವ್ಯಕ್ತಿಯಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಕೊಡುವ ವ್ಯಾಖ್ಯೆಯ ಪ್ರಕಾರ ಟ್ರಸ್ಟ್ ಎಂಬುದು ಒಂದು ಹೊಣೆ, ಆಸ್ತಿಯ ಒಡೆತನಕ್ಕೆ ಅಂಟಿಕೊಂಡು ಬಂದ ಹೊಣೆ. ಒಡೆತನ ಇರುವುದು ಧರ್ಮದರ್ಶಿಗಳ ಹೆಸರಿನಲ್ಲಿ, ಅದರ ಫಲ ಉಣ್ಣಬೇಕಾದವರು ಬೇರೆಯವರು. ಹೊಣೆಗೆ ಬಾಯಿಲ್ಲ. ಅದು ಕೋರ್ಟಿಗೆ ನಡೆದು ಬರಲಾರದು. ಬರಬೇಕಾದವರು ಹೊಣೆ ಹೊತ್ತವರೇ. ಆಸ್ತಿಯನ್ನು ಕಾಪಾಡಲು ದಾವೆ ಹೂಡುವುದು, ಬಂದ ದಾವೆಗೆ ಎದುರು ನಿಲ್ಲುವುದು ಧರ್ಮದರ್ಶಿಯ ಕರ್ತವ್ಯ ಎಂದು ಅದೇ ಕಾಯ್ದೆಯ 13ನೇ ಕಲಮು ಹೇಳುತ್ತದೆ.

ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಒಂದು ಟ್ರಸ್ಟು ಬ್ಯಾಂಕೊಂದರ ಮೇಲೆ ಗ್ರಾಹಕರ ವೇದಿಕೆಗೆ ದೂರು ಕೊಟ್ಟಿತ್ತು. 2017ರಲ್ಲಿ ಸುಪ್ರೀಂ ಕೋರ್ಟು, 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ವ್ಯಕ್ತಿ' ಎಂಬ ಪದದೊಳಗೆ ಟ್ರಸ್ಟ್ ಬರುವುದಿಲ್ಲ, ಆದ್ದರಿಂದ ಟ್ರಸ್ಟು ದೂರುದಾರನೇ ಆಗಲಾರದು ಎಂದು ತೀರ್ಪಿತ್ತಿತು. ಹಣ ಇಟ್ಟದ್ದು ನಿಜ, ರಸೀತಿ ಇರುವುದೂ ನಿಜ, ಆದರೂ ಬಾಗಿಲಲ್ಲೇ ತಡೆ.

ಇನ್ನು ಧರ್ಮದರ್ಶಿಗಳು ಒಬ್ಬರಿಗಿಂತ ಹೆಚ್ಚಿದ್ದರೆ? ಆಗ ಎಲ್ಲರೂ ಕೂಡಿ ನಡೆಯಬೇಕು. ಟ್ರಸ್ಟ್ ಕಾಯ್ದೆಯ 48ನೇ ಕಲಮಿನ ತಿರುಳು ಇಷ್ಟೇ. ಡೀಡಿನಲ್ಲಿ ಬೇರೆ ಏರ್ಪಾಡು ಬರೆದಿದ್ದರೆ ಆ ಮಾತು ಬೇರೆ. 47ನೇ ಕಲಮು ಇನ್ನೂ ಬಿಗಿ: ಧರ್ಮದರ್ಶಿ ತನ್ನ ಕೆಲಸವನ್ನು ಹೊರಗಿನವನಿಗಿರಲಿ, ಜೊತೆಯ ಧರ್ಮದರ್ಶಿಗೂ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ. ಡೀಡು ಅನುಮತಿಸಿರಬೇಕು, ಇಲ್ಲವೇ ವ್ಯವಹಾರದ ವಾಡಿಕೆಯಲ್ಲೋ ಅನಿವಾರ್ಯದಲ್ಲೋ ಹಾಗೆ ಮಾಡಬೇಕಾಗಿ ಬಂದಿರಬೇಕು, ಇಲ್ಲವೇ ಫಲಾನುಭವಿಯ ಒಪ್ಪಿಗೆ ಇರಬೇಕು. ಈ ಕಾಯ್ದೆ ಖಾಸಗಿ ಟ್ರಸ್ಟುಗಳಿಗಾಗಿ ಮಾಡಿದ್ದು, ಧಾರ್ಮಿಕ ಮತ್ತು ಧರ್ಮಾರ್ಥ ದತ್ತಿಗಳಿಗೆ ನೇರವಾಗಿ ತಾಗುವುದಿಲ್ಲ, ನಿಜ. ಆದರೆ ಎಲ್ಲರೂ ಕೂಡಿಯೇ ನಡೆಯಬೇಕೆಂಬ ತತ್ವವನ್ನು ನ್ಯಾಯಾಲಯಗಳು ಸಾರ್ವಜನಿಕ ಟ್ರಸ್ಟುಗಳಿಗೂ ಹಿಡಿದಿವೆ. 1970ರ ದಶಕದಲ್ಲಿ ಗುಜರಾತ್ ಹೈಕೋರ್ಟಿನ ಪೂರ್ಣಪೀಠ, ಬಾಡಿಗೆದಾರನನ್ನು ಬಿಡಿಸುವ ದಾವೆಯಲ್ಲಿ ಎಲ್ಲ ಧರ್ಮದರ್ಶಿಗಳೂ ಕಕ್ಷಿದಾರರಾಗಿರಬೇಕು ಎಂದು ಹೇಳಿತು. ಯಾರಾದರೊಬ್ಬರು ವಾದಿಯಾಗಿ ನಿಲ್ಲಲು ಒಪ್ಪದಿದ್ದರೆ ಅವರನ್ನು ಪ್ರತಿವಾದಿಗಳ ಸಾಲಿಗಾದರೂ ಸೇರಿಸಬೇಕು. ಬಿಟ್ಟುಬಿಡುವಂತಿಲ್ಲ. ಆ ತೀರ್ಪನ್ನು ನಾನು ಓದಿದ್ದು ಮೇಷ್ಟ್ರ ದಾವೆ ವಜಾ ಆದ ಮೇಲೆ. ಮೊದಲೇ ಓದಿದ್ದರೆ ಆರು ವರ್ಷ ಉಳಿಯುತ್ತಿತ್ತು.

ಮ್ಯಾನೇಜಿಂಗ್ ಟ್ರಸ್ಟಿ ಎಂಬ ಹೆಸರಿನಲ್ಲಿ ಒಂದು ಮೋಸ ಅಡಗಿದೆ. ನಮ್ಮ ಜನಕ್ಕೆ ಅವಿಭಕ್ತ ಕುಟುಂಬದ ಕರ್ತ ಗೊತ್ತು. ಮನೆಯ ಹಿರಿಯ, ಎಲ್ಲರ ಪರವಾಗಿ ಅವನೊಬ್ಬ ಸಹಿ ಹಾಕಿದರೆ ಸಾಕು, ಅವನೊಬ್ಬ ಕೋರ್ಟಿಗೆ ಹೋದರೆ ಸಾಕು. ಅದೇ ಅಂದಾಜಿನಲ್ಲಿ ಮ್ಯಾನೇಜಿಂಗ್ ಟ್ರಸ್ಟಿಯನ್ನೂ ಟ್ರಸ್ಟಿನ ಯಜಮಾನ ಎಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಕರ್ತನಿಗೆ ಅಧಿಕಾರ ಹುಟ್ಟಿನಿಂದ, ಹಿರಿತನದಿಂದ ಬರುತ್ತದೆ. ಮ್ಯಾನೇಜಿಂಗ್ ಟ್ರಸ್ಟಿಗೆ ಬರುವುದು ಡೀಡಿನ ಅಕ್ಷರದಿಂದ, ಇಲ್ಲವೇ ಸಭೆಯ ಠರಾವಿನಿಂದ. ಅಕ್ಷರ ಇಲ್ಲದ ಕಡೆ ಆತ ದಿನದ ವಹಿವಾಟು ನೋಡಿಕೊಳ್ಳುವ ಒಬ್ಬ ಧರ್ಮದರ್ಶಿ, ಅಷ್ಟೇ. ಬಾಡಿಗೆ ವಸೂಲಿ ಮಾಡಿ ರಸೀತಿ ಕೊಡಬಹುದು. ಬಾಡಿಗೆಯ ಸಂಬಂಧವನ್ನೇ ಕಡಿದು ಹಾಕುವ ನೋಟೀಸನ್ನು ಒಬ್ಬನೇ ಕೊಡಲಾರ.

ಇಷ್ಟು ಬಿಗಿ ಯಾಕೆ ಎಂದು ಮೇಷ್ಟ್ರು ಒಂದು ಸಂಜೆ ನನ್ನ ಆಫೀಸಿನಲ್ಲಿ ಕೂತು ಕೇಳಿದ್ದರು. 'ನಾನು ಒಂದು ಕಾಸು ಮುಟ್ಟಿದವನಲ್ಲ ವಕೀಲರೇ. ಛತ್ರದ ಕೆಲಸಕ್ಕೇ ಬಂದಿದ್ದೇನೆ ಅಂತ ಊರಿಗೆಲ್ಲ ಗೊತ್ತು. ಕೋರ್ಟಿಗೆ ಮಾತ್ರ ಯಾಕೆ ಗೊತ್ತಾಗುವುದಿಲ್ಲ?' ಆವತ್ತು ನಾನು ಕಲಮುಗಳನ್ನು ಓದಿ ಹೇಳಿದೆ. ಅದರಿಂದ ಅವರಿಗೆ ಸಮಾಧಾನ ಆಗಲಿಲ್ಲ. ಸರಿಯಾದ ಉತ್ತರ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ, ಒಂದು ಹಳೆಯ ಶಾಸನಕಲ್ಲಿನ ಎದುರು ನಿಂತಿದ್ದಾಗ.

ನಮ್ಮ ನಾಡಿನ ದಾನಶಾಸನಗಳನ್ನು ನೀವು ನೋಡಿರುತ್ತೀರಿ. ದೇವಸ್ಥಾನಕ್ಕೋ ಸತ್ರಕ್ಕೋ ಭೂಮಿ ಬಿಟ್ಟವನು ಅದನ್ನು ಒಬ್ಬನ ಕೈಗೆ ಕೊಟ್ಟು ಹೋಗುವುದು ಕಡಿಮೆ. ಅಗ್ರಹಾರವಾದರೆ ಮಹಾಜನಗಳಿಗೆ, ಊರಾದರೆ ಸಮಸ್ತ ಪ್ರಜೆಗಾವುಂಡುಗಳ ಸಮಕ್ಷಮ ಒಪ್ಪಿಸುತ್ತಾನೆ. ಧರ್ಮ ಕಾಯುವ ಕೈಗಳು ಹಲವಿರಲಿ ಎಂಬುದು ಅವನ ಎಣಿಕೆ. ಕೊನೆಯಲ್ಲಿ ಒಂದು ಶಾಪ ಬರೆಸುತ್ತಾನೆ: ಇದನ್ನು ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಆ ಶಾಪ ಯಾರಿಗೆ? ಹೊರಗಿನ ಶತ್ರುವಿಗೆ ಮಾತ್ರ ಎಂದು ನಾನು ಮೊದಲು ತಿಳಿದಿದ್ದೆ. ಒಳಗೆ ಕೂತವನೂ ಅಳಿಪಬಲ್ಲ ಎಂಬುದು ದಾನಿಗೆ ಚೆನ್ನಾಗಿ ಗೊತ್ತಿತ್ತು. ಐದು ಜನರ ಹೆಸರು ಬರೆದು ಛತ್ರ ಕಟ್ಟಿಸಿದ ನಮ್ಮ ಊರಿನ ದಾನಿಯ ಮನಸ್ಸಿನಲ್ಲೂ ಅದೇ ಇತ್ತು. ಐದರಲ್ಲಿ ಒಬ್ಬ ದಾರಿ ತಪ್ಪಿದರೆ ನಾಲ್ವರು ಹಿಡಿದು ನಿಲ್ಲಿಸಲಿ ಎಂದು. ಒಬ್ಬನೇ ಹೋಗಿ ದಾವೆ ಹಾಕಬಹುದು ಎಂದಾದರೆ, ಒಬ್ಬನೇ ಹೋಗಿ ರಾಜಿಯನ್ನೂ ಮಾಡಿಕೊಳ್ಳಬಹುದು. ರಾಜಿಯಲ್ಲಿ ಛತ್ರದ ಮಳಿಗೆ ಯಾರ ಪಾಲಿಗೂ ಹೋಗಬಹುದು. ಮೇಷ್ಟ್ರಂಥ ಪ್ರಾಮಾಣಿಕನನ್ನು ಬಾಗಿಲಲ್ಲಿ ತಡೆದ ಪ್ರಶ್ನೆಯೇ ಅಪ್ರಾಮಾಣಿಕನನ್ನೂ ತಡೆಯುತ್ತದೆ. ಅವರಿಬ್ಬರ ಮುಖ ನೋಡಿ ಇವನು ಇಂಥವನು ಎಂದು ಹೇಳುವ ಶಕ್ತಿ ಯಾವ ನ್ಯಾಯಾಧೀಶರಿಗೂ ಇಲ್ಲ.

ಈಗ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯುತ್ತೇನೆ. ಈ ಪ್ರಶ್ನೆಯನ್ನು ನಾನು ಕಂಡಂತೆ ಅತ್ಯಂತ ಸೊಗಸಾಗಿ ವಿಚಾರಿಸಿದ್ದು ಲಂಡನ್ನಿನ ನ್ಯಾಯಾಲಯದಲ್ಲಿ, ತಂಜಾವೂರು ಸೀಮೆಯ ಒಂದು ಪಾಳುಗುಡಿಯ ವಿಷಯದಲ್ಲಿ.

ಪತ್ತೂರು ಎಂಬ ಹಳ್ಳಿ. ಅಲ್ಲಿ ಚೋಳರ ಕಾಲದ ವಿಶ್ವನಾಥಸ್ವಾಮಿಯ ಗುಡಿ. ಪೂಜೆ ನಿಂತು ಎಷ್ಟೋ ಕಾಲವಾಗಿ, ಗೋಡೆ ಕುಸಿದು, ಗಿಡಗಂಟಿ ಬೆಳೆದಿತ್ತು. 1976ರಲ್ಲಿ ಆ ಊರಿನ ಒಬ್ಬ ಕೂಲಿಕಾರ ತನ್ನ ಗುಡಿಸಲ ಬಳಿ ನೆಲ ಅಗೆಯುವಾಗ ಕಂಚಿನ ವಿಗ್ರಹಗಳು ಸಿಕ್ಕಿದವು. ಅವುಗಳಲ್ಲೊಂದು ನಟರಾಜ. ದಾಳಿಯ ಭಯದ ಕಾಲದಲ್ಲಿ ದೇವರನ್ನು ಮಣ್ಣಿನೊಳಗೆ ಬಚ್ಚಿಡುವ ವಾಡಿಕೆ ದಕ್ಷಿಣದಲ್ಲೆಲ್ಲ ಇತ್ತು. ಬಚ್ಚಿಟ್ಟವರು ಸತ್ತರು, ದೇವರು ಮಣ್ಣಿನಲ್ಲೇ ಉಳಿದ. ಆ ನಟರಾಜ ಕೈಯಿಂದ ಕೈಗೆ ಮಾರಾಟವಾಗುತ್ತಾ ದೇಶ ದಾಟಿದ. 1982ರಲ್ಲಿ ಕೆನಡಾ ದೇಶದ ಬಂಪರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿ ಲಂಡನ್ನಿನಲ್ಲಿ ಒಬ್ಬ ವ್ಯಾಪಾರಿಯಿಂದ ಅವನನ್ನು ಕೊಂಡಿತು. ವ್ಯಾಪಾರಿ ಕೊಟ್ಟ ಪೂರ್ವೇತಿಹಾಸದ ಕಾಗದ ಸುಳ್ಳು. ಕಂಪನಿಗೆ ಅದು ಗೊತ್ತಿರಲಿಲ್ಲ. ವಿಗ್ರಹ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದಾಗ ಲಂಡನ್ ಪೊಲೀಸರು ಅದನ್ನು ವಶಕ್ಕೆ ತೆಗೆದುಕೊಂಡರು. ನಮ್ಮ ಸ್ವತ್ತು ನಮಗೆ ಕೊಡಿಸಿ ಎಂದು ಕಂಪನಿ ಪೊಲೀಸ್ ಕಮಿಷನರರ ಮೇಲೆ ದಾವೆ ಹೂಡಿತು.

ಆಗ ಎದ್ದದ್ದು ನಾವು ಮಾತಾಡುತ್ತಿರುವ ಪ್ರಶ್ನೆ. ನಟರಾಜ ನನ್ನವನು ಎಂದು ಕೇಳುವವರು ಯಾರು? ಭಾರತ ಸರ್ಕಾರ ಬಂತು. ತಮಿಳುನಾಡು ಸರ್ಕಾರ ಬಂತು. ಅಲ್ಲಿನ ಧಾರ್ಮಿಕ ದತ್ತಿ ಕಾಯ್ದೆಯಡಿ, ಧರ್ಮದರ್ಶಿ ಇಲ್ಲದ ಗುಡಿಗೆ ನೇಮಕವಾಗುವ 'ಫಿಟ್ ಪರ್ಸನ್', ಅಂದರೆ ತಕ್ಕ ವ್ಯಕ್ತಿ, ಒಬ್ಬರು ಬಂದರು. ಅವರ ಮೂಲಕ ಗುಡಿಯೇ ಬಂತು. ಕೊನೆಗೆ ಆ ಪಾಳಿನೊಳಗೆ ಸಿಕ್ಕ ಶಿವಲಿಂಗವೂ ಕಕ್ಷಿದಾರನಾಗಿ ಸೇರಿತು. ನಟರಾಜ ಆ ನೆಲದವನೇ ಎಂಬುದನ್ನು ಶಿಲ್ಪದ ಶೈಲಿ, ಲೋಹ, ಅಂಟಿಕೊಂಡ ಮಣ್ಣು, ಗೆದ್ದಲಿನ ಗುರುತು ಇವುಗಳಿಂದ ತೋರಿಸಬೇಕಿತ್ತು. ತಮಿಳುನಾಡಿನ ಪುರಾತತ್ವಜ್ಞ ಆರ್. ನಾಗಸ್ವಾಮಿ ಲಂಡನ್ನಿಗೆ ಹೋಗಿ ತಜ್ಞ ಸಾಕ್ಷಿಯಾಗಿ ನಿಂತರು. ಅದು ವಾಸ್ತವದ ಪ್ರಶ್ನೆ, ಸಾಕ್ಷ್ಯದಿಂದ ಬಗೆಹರಿಯುವಂಥದ್ದು. ಕಷ್ಟವಾದದ್ದು ಇನ್ನೊಂದು. ಇಂಗ್ಲಿಷ್ ಕಾನೂನಿನಲ್ಲಿ ಮನುಷ್ಯ ಕಕ್ಷಿದಾರನಾಗಬಹುದು, ಮನುಷ್ಯರ ಗುಂಪಿಗೆ ಹೆಸರು ಕೊಟ್ಟ ಕಂಪನಿ ಆಗಬಹುದು. ಒಂದು ದೃಷ್ಟಿಯಲ್ಲಿ ಬರಿಯ ಕಲ್ಲಿನ ರಾಶಿಯಾದದ್ದು ವಾದಿಯಾಗುವುದು ಹೇಗೆ? ಅದರ ಪರವಾಗಿ ಬಂದೆ ಎನ್ನುವ ಈ ವ್ಯಕ್ತಿಗೆ ಅಧಿಕಾರ ಕೊಟ್ಟವರು ಯಾರು?

1988ರಲ್ಲಿ ವಿಚಾರಣಾ ನ್ಯಾಯಾಧೀಶರು ಕೊಟ್ಟ ಉತ್ತರ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಶತಮಾನಗಳ ಹಿಂದೆ ಭೂಮಿ ಕೊಟ್ಟು ಗುಡಿ ಕಟ್ಟಿಸಿದವನ ಧರ್ಮಸಂಕಲ್ಪ ಗೋಡೆ ಬಿದ್ದ ಮಾತ್ರಕ್ಕೆ ಸಾಯಲಿಲ್ಲ, ಅದು ಇನ್ನೂ ಇದೆ ಎಂದು ಅವರು ಒಪ್ಪಿದರು. 1991ರ ಫೆಬ್ರವರಿಯಲ್ಲಿ ಅಪೀಲು ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಗುಡಿ ತನ್ನ ನಾಡಿನ ಕಾನೂನಿನಲ್ಲಿ ವ್ಯಕ್ತಿಯೆಂದು ಮಾನ್ಯವಾಗಿದ್ದರೆ, ಆ ನಾಡು ಒಪ್ಪಿದ ಪ್ರತಿನಿಧಿಯ ಮೂಲಕ ನಮ್ಮ ಮುಂದೆಯೂ ಬರಬಹುದು ಎಂದಿತು. ಒಂದು ನಾಡಿನ ನ್ಯಾಯಪೀಠ ಇನ್ನೊಂದು ನಾಡಿನ ಕಾನೂನಿಗೆ ತೋರಿಸಬೇಕಾದ ಗೌರವ ಅದು. ಅದೇ ವರ್ಷ ನಟರಾಜ ಭಾರತಕ್ಕೆ ಮರಳಿದ.

ಇಲ್ಲಿ ಒಂದು ಅಂಶವನ್ನು ನಿಧಾನಿಸಿ ನೋಡಬೇಕು. ಎರಡು ಸರ್ಕಾರಗಳು ಅಷ್ಟೆಲ್ಲ ಬಲದೊಂದಿಗೆ ಬಂದಿದ್ದರೂ ಕೊನೆಗೆ ಹಕ್ಕು ನಿಂತದ್ದು ಗುಡಿಯ ಹೆಸರಿನಲ್ಲಿ, ಆ ತಕ್ಕ ವ್ಯಕ್ತಿಯ ನೇಮಕದ ಕಾಗದದ ಮೇಲೆ. ಆ ಕಾಗದ ಇಲ್ಲದಿದ್ದರೆ ಗೆದ್ದಲು, ಮಣ್ಣು, ಲೋಹ ಎಲ್ಲ ಸೇರಿ ಎಷ್ಟು ಗಟ್ಟಿಯಾಗಿ ಸಾಕ್ಷಿ ಹೇಳಿದರೂ ಕೇಳುವವರು ಇರುತ್ತಿರಲಿಲ್ಲ.

ದೇವರನ್ನು ವ್ಯಕ್ತಿ ಎಂದು ಒಪ್ಪುವ ನಮ್ಮ ಕಾನೂನು ಮತ್ತೊಂದು ಗಂಟನ್ನೂ ಬಿಡಿಸಬೇಕಾಯಿತು. ದೇವರ ಪರ ಮಾತಾಡಬೇಕಾದ ಧರ್ಮದರ್ಶಿಯೇ ದೇವರ ಆಸ್ತಿ ತಿಂದರೆ? ನಮ್ಮ ದಕ್ಷಿಣ ಕನ್ನಡದ ಮೊಕ್ತೇಸರರಿರಲಿ, ಬಂಗಾಳದ ಶೇಬಾಯತರಿರಲಿ, ದಾವೆ ಹೂಡುವ ಹಕ್ಕು ಮೊದಲಿಗೆ ಅವರದೇ. ಅವರೇ ಮಾರಿಬಿಟ್ಟ ಆಸ್ತಿಗೆ ಅವರೇ ದಾವೆ ಹಾಕುತ್ತಾರೆಯೇ? 1967ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ವಿಶ್ವನಾಥ ಮತ್ತು ಠಾಕೂರ್ ರಾಧಾವಲ್ಲಭಜೀ ಪ್ರಕರಣ ಇಂಥದ್ದೇ. ದೇವಸ್ಥಾನದ ಆಡಳಿತ ನೋಡಬೇಕಾದವನೇ ಆಸ್ತಿ ಮಾರಿದ್ದ. ಭಕ್ತನೊಬ್ಬ ದೇವರ ಹೆಸರಿನಲ್ಲಿ ದಾವೆಗೆ ನಿಂತ. ನಿನಗೇನು ಅಧಿಕಾರ ಎಂದು ಎದುರು ಪಕ್ಷ ಕೇಳಿತು. ಧರ್ಮದರ್ಶಿ ದೇವರ ಹಿತಕ್ಕೆ ವಿರುದ್ಧವಾಗಿ ನಡೆದಾಗ, ದೇವರ ಆಸ್ತಿಯನ್ನು ದೇವರಿಗೇ ಉಳಿಸಲು ಭಕ್ತ ದೇವರ ಹೆಸರಿನಲ್ಲಿ ಬರಬಹುದು ಎಂದು ಕೋರ್ಟು ಹೇಳಿತು. ಅಪ್ರಾಪ್ತ ಮಗುವಿನ ಪರವಾಗಿ ಹಿತೈಷಿಯೊಬ್ಬ ಬರುವ ಹಾಗೆ.

ಅದಕ್ಕೂ ಹಿಂದೆ, 1925ರಲ್ಲಿ, ಕಲ್ಕತ್ತಾದ ಮಲ್ಲಿಕ್ ಮನೆತನದ ವ್ಯಾಜ್ಯ ಪ್ರಿವಿ ಕೌನ್ಸಿಲಿಗೆ ಹೋಗಿತ್ತು. ಮನೆದೇವರ ಪೂಜೆಯ ಸರದಿ ದಾಯಾದಿಗಳ ನಡುವೆ ಹಂಚಿಕೆಯಾಗಿತ್ತು. ತನ್ನ ಸರದಿ ಬಂದಾಗ ವಿಗ್ರಹವನ್ನು ತನ್ನ ಮನೆಗೆ ಒಯ್ಯುತ್ತೇನೆ ಎಂದು ಒಬ್ಬರ ಹಟ. ದೇವರನ್ನು ಮೇಜು ಕುರ್ಚಿಯಂತೆ ಎತ್ತಿ ಸಾಗಿಸುವ ಸಾಮಾನೆಂದು ಎಣಿಸಬೇಡಿ, ಎಲ್ಲಿ ನೆಲೆಸಬೇಕೆಂಬ ವಿಷಯದಲ್ಲಿ ದೇವರ ಇಚ್ಛೆಯೂ ಲೆಕ್ಕಕ್ಕೆ ಬರಬೇಕು ಎಂದಿತು ಪ್ರಿವಿ ಕೌನ್ಸಿಲ್. ಆ ಇಚ್ಛೆಯನ್ನು ಹೇಳಲು ಜಗಳದಲ್ಲಿ ಪಾಲಿಲ್ಲದ ಒಬ್ಬರನ್ನು ದೇವರ ಪರವಾಗಿ ಕೋರ್ಟೇ ನೇಮಿಸಲಿ ಎಂದು ಮೊಕದ್ದಮೆಯನ್ನು ಹಿಂದಕ್ಕೆ ಕಳಿಸಿತು. ಆ ಮನೆಯ ಹೆಂಗಸರ ಮಾತನ್ನೂ ಕೇಳಬೇಕೆಂದು ಹೇಳಿತು. ಅವರನ್ನು ಅಲ್ಲಿಯವರೆಗೆ ಯಾರೂ ಕಕ್ಷಿದಾರರೆಂದು ಎಣಿಸಿರಲಿಲ್ಲ. ಈ ಒಂದು ಸಾಲಿಗಾಗಿ ಆ ಹಳೆಯ ತೀರ್ಪನ್ನು ನಾನು ಎಷ್ಟು ಸಲ ತೆರೆದು ಓದಿದ್ದೇನೋ.

ದೇವರಿಲ್ಲದ ಟ್ರಸ್ಟುಗಳು, ಅಂದರೆ ಶಾಲೆ, ಆಸ್ಪತ್ರೆ, ಛತ್ರ, ವಿದ್ಯಾರ್ಥಿನಿಲಯ, ಇಂಥವಕ್ಕೆ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮು. ಧಾರ್ಮಿಕ ಟ್ರಸ್ಟುಗಳಿಗೂ ಅದು ಅನ್ವಯಿಸುತ್ತದೆ. ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರೋ ಹೆಚ್ಚು ಜನವೋ, ಕೋರ್ಟಿನ ಅನುಮತಿ ಪಡೆದು, ಧರ್ಮದರ್ಶಿಯನ್ನು ತೆಗೆಯಿರಿ, ಲೆಕ್ಕ ಕೊಡಿಸಿ, ಹೊಸಬರನ್ನು ನೇಮಿಸಿ, ಆಡಳಿತಕ್ಕೆ ಒಂದು ಸ್ಕೀಮು ರೂಪಿಸಿ ಎಂದು ಕೇಳಬಹುದು. ಒಬ್ಬನಾದರೆ ಸಾಲದು, ಇಬ್ಬರಾದರೂ ಬೇಕು. ಅನುಮತಿ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ದ್ವೇಷಕ್ಕಾಗಿ ಧರ್ಮದರ್ಶಿಗಳನ್ನು ಕೋರ್ಟಿಗೆ ಎಳೆಯುವವರನ್ನು ತಡೆಯಲು ಈ ಎರಡು ಬೇಲಿ. ಇದು ಎಷ್ಟು ಜನರಿಗೆ ಗೊತ್ತು? ತಮ್ಮೂರಿನ ಶಾಲೆಯ ಟ್ರಸ್ಟಿನಲ್ಲಿ ಅಕ್ರಮ ನಡೆದಿದೆ ಎಂದು ವರ್ಷಾನುಗಟ್ಟಲೆ ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಅಲೆದವರನ್ನು ಕಂಡಿದ್ದೇನೆ.

ಕೆಲವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಧರ್ಮದರ್ಶಿಗಳೆಲ್ಲ ಒಪ್ಪಿದ್ದಾರೆ, ವಕೀಲರಿಗೆ ಕೊಡಲು ಟ್ರಸ್ಟಿನಲ್ಲಿ ಹಣವಿಲ್ಲ, ಧರ್ಮದರ್ಶಿಯೇ ನಿಂತು ವಾದಿಸಬಹುದೇ? ಅಮೆರಿಕದಲ್ಲಿ 1987ರಲ್ಲಿ ಅಲ್ಲಿನ ಒಂದು ಫೆಡರಲ್ ಅಪೀಲು ನ್ಯಾಯಾಲಯ ಇದಕ್ಕೆ ಕೂಡದು ಎಂದಿತು. ತನ್ನ ಸ್ವಂತ ಹಕ್ಕಿಗಾಗಿ ಯಾರು ಬೇಕಾದರೂ ವಾದಿಸಲಿ, ಆದರೆ ಟ್ರಸ್ಟಿನ ಫಲ ಬೇರೆಯವರದ್ದು, ವಕೀಲನಲ್ಲದವನು ಬೇರೆಯವರ ಪರ ವಾದಿಸಲಾಗದು ಎಂಬುದು ಅವರ ತರ್ಕ. ನಮ್ಮಲ್ಲಿ ವಕೀಲರ ಕಾಯ್ದೆಯ 32ನೇ ಕಲಮಿನಂತೆ, ವಕೀಲರಲ್ಲದವರಿಗೂ ಒಂದು ಪ್ರಕರಣದ ಮಟ್ಟಿಗೆ ವಾದಿಸಲು ಕೋರ್ಟು ಅನುಮತಿ ಕೊಡಬಹುದು. ಅನುಮತಿ ಕೇಳಬೇಕು, ಹಕ್ಕೆಂದು ನುಗ್ಗುವಂತಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಒಂದು ಸಂಕಟವನ್ನೂ ಹೇಳಬೇಕು. ಅಧಿಕಾರ ಎಲ್ಲಿದೆ ತೋರಿಸಿ ಎಂಬ ಪ್ರಶ್ನೆ ಟ್ರಸ್ಟಿನ ಕಾವಲಿಗೆ ಹುಟ್ಟಿದ್ದು. ನಾನು ಕೋರ್ಟಿನಲ್ಲಿ ನೋಡಿದ ಮಟ್ಟಿಗೆ ಅದನ್ನು ಹೆಚ್ಚಾಗಿ ಎತ್ತುವವರು ಟ್ರಸ್ಟಿನ ಆಸ್ತಿಯನ್ನು ಅದುಮಿ ಹಿಡಿದು ಕೂತವರು. ಛತ್ರದ ಹುಡುಗರು ಉಂಡರೋ ಬಿಟ್ಟರೋ ಎಂಬ ಚಿಂತೆ ಆ ಮಳಿಗೆಯವನಿಗೆ ಎಳ್ಳಷ್ಟೂ ಇರಲಿಲ್ಲ. ಆದರೂ ಟ್ರಸ್ಟ್ ಡೀಡನ್ನು ಅವನು ನನಗಿಂತ ಚೆನ್ನಾಗಿ ಓದಿಕೊಂಡಿದ್ದ. ಇದಕ್ಕೆ ನ್ಯಾಯಾಧೀಶರ ಕೈಯಲ್ಲಿ ಮದ್ದಿದೆ. ಬಿಟ್ಟುಹೋದ ಧರ್ಮದರ್ಶಿಯನ್ನು ನಡುವೆಯೇ ಸೇರಿಸಲು ಸಂಹಿತೆಯ 1ನೇ ಆದೇಶದ 10ನೇ ನಿಯಮ ಅವಕಾಶ ಕೊಡುತ್ತದೆ. ಹೀಗೆ ತಡವಾಗಿ ಸೇರಿದವರ ಮಟ್ಟಿಗೆ ದಾವೆ ಅವರು ಸೇರಿದ ದಿನದಿಂದಲೇ ಶುರುವಾಯಿತೆಂದು ಕಾಲಮಿತಿ ಕಾಯ್ದೆ ಹೇಳಿದರೂ, ತಪ್ಪು ಪ್ರಾಮಾಣಿಕವಾದದ್ದಾದರೆ ಹಿಂದಿನ ದಿನವನ್ನೇ ಹಿಡಿಯಬಹುದೆಂದೂ ಅದೇ ಕಾಯ್ದೆಯ 21ನೇ ಕಲಮು ಹೇಳುತ್ತದೆ. ಆಕ್ಷೇಪಣೆ ಬಂದ ದಿನವೇ ವಕೀಲ ಎದ್ದು ಅರ್ಜಿ ಹಾಕಬೇಕು. ಮೇಷ್ಟ್ರ ದಾವೆಗೆ ಎದುರು ಪಕ್ಷ ಕೊಟ್ಟ ಉತ್ತರದಲ್ಲಿ ಆ ಆಕ್ಷೇಪಣೆ ಎರಡನೇ ಪುಟದಲ್ಲೇ ಇತ್ತು. ಆರು ವರ್ಷ ನನ್ನ ಫೈಲಿನಲ್ಲಿ ಮಲಗಿತ್ತು.

ಮೇಷ್ಟ್ರ ಛತ್ರಕ್ಕೆ ಹಿಂದಿರುಗುತ್ತೇನೆ. ಬಾಡಿಗೆಯ ವಿಷಯವನ್ನು ಕೋರ್ಟು ಮುಟ್ಟಿರದ ಕಾರಣ ಮತ್ತೆ ದಾವೆ ಹೂಡಲು ಅಡ್ಡಿ ಇರಲಿಲ್ಲ. ಈ ಸಲ ಫೀಸಿಲ್ಲದೆ ನಾನೇ ಕೂತು ಮೊದಲಿನಿಂದ ಬರೆದೆ. ಬದುಕಿದ್ದ ಮೂವರಲ್ಲಿ ಒಬ್ಬರು ಮಗನ ಮನೆಗೆಂದು ಅಮೆರಿಕಕ್ಕೆ ಹೋದವರು. ಅವರು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಮಾಡಿ ಕಾಗದ ಕಳಿಸಿಕೊಟ್ಟರು. ಮೂರನೆಯವರು ಅದೇ ಊರಿನ ಜವಳಿ ಅಂಗಡಿಯ ಸಾಹುಕಾರರು. ಅಂಗಡಿಯಿಂದ ಛತ್ರಕ್ಕೆ ಇನ್ನೂರು ಹೆಜ್ಜೆ. ಹನ್ನೆರಡು ವರ್ಷದಿಂದ ಛತ್ರದ ಮೆಟ್ಟಿಲು ಹತ್ತಿರಲಿಲ್ಲ. ಒಮ್ಮೆ ಸಭೆಯಲ್ಲಿ ಅವರು ಲೆಕ್ಕದ ಪುಸ್ತಕ ತೋರಿಸಿ ಎಂದು ಕೇಳಿದ್ದರಂತೆ. ನನ್ನನ್ನೇ ಅನುಮಾನಿಸುತ್ತೀರಾ ಎಂದು ಮೇಷ್ಟ್ರು ಎದ್ದು ಹೋಗಿದ್ದರಂತೆ. ಅಲ್ಲಿಗೆ ಸಭೆಗಳೇ ನಿಂತುಹೋದವು, ಠರಾವಿನ ಪುಸ್ತಕದಲ್ಲಿ ಆಮೇಲೆ ಒಂದು ಸಾಲೂ ಬರೆದಿರಲಿಲ್ಲ.

ಸಹಿಗಾಗಿ ನಾನು ಸಾಹುಕಾರರ ಅಂಗಡಿಗೆ ಎರಡು ಸಲ ಹೋದೆ. ಮೊದಲ ಸಲ ಹೊಸ ನೋಟೀಸಿಗೆ ಸಹಿ ಹಾಕಿದರು, ಮಾತಾಡಲಿಲ್ಲ. ಎರಡನೇ ಸಲ ದಾವೆಯ ಕಾಗದ ಒಯ್ದಾಗ, 'ಅವರ ಪಕ್ಕದಲ್ಲಿ ನನ್ನ ಹೆಸರು ಬೇಡ' ಎಂದು ಹಿಂದಕ್ಕೆ ಕೊಟ್ಟರು. ಪೂರ್ಣಪೀಠ ಹೇಳಿಕೊಟ್ಟ ದಾರಿ ಹಿಡಿದು ಅವರನ್ನು ಪ್ರತಿವಾದಿಯನ್ನಾಗಿ ಮಾಡಿದೆ. ಒಂದನೇ ಪ್ರತಿವಾದಿ ಮಳಿಗೆಯವನು, ಎರಡನೇ ಪ್ರತಿವಾದಿ ಸಾಹುಕಾರರು.

ಮೊದಲ ವಾಯಿದೆಯ ದಿನ ಸಮನ್ಸ್ ಹಿಡಿದು ಸಾಹುಕಾರರು ಬಂದರು. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಒಂದು ತುದಿಗೆ ಅವರು, ಇನ್ನೊಂದು ತುದಿಗೆ ಮೇಷ್ಟ್ರು. ಮೇಷ್ಟ್ರು ತಮ್ಮ ಖಾದಿ ಚೀಲದಿಂದ ಲೆಕ್ಕದ ಪುಸ್ತಕ ತೆಗೆದರು. ಬೆಂಚಿನ ಮೇಲೆ ಅದನ್ನು ಸಾಹುಕಾರರ ಕಡೆಗೆ ಸರಿಸಿದರು. ನಮ್ಮ ನಂಬರು ಬರುವವರೆಗೆ, ಸುಮಾರು ಮುಕ್ಕಾಲು ಗಂಟೆ, ಸಾಹುಕಾರರು ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುತ್ತಾ ಕೂತಿದ್ದರು. ಬೆಂಚ್ ಕ್ಲರ್ಕು ನಂಬರು ಕೂಗಿದಾಗ ಎದ್ದು ಮುಂದೆ ಬಂದರು.

'ನಿಮ್ಮ ವಕೀಲರು ಯಾರು?' ಎಂದು ಸಾಹೇಬರು ಕೇಳಿದರು.

'ಬೇರೆ ವಕೀಲರು ಬೇಡ ಸ್ವಾಮಿ. ನಾನು ಛತ್ರದ ಧರ್ಮದರ್ಶಿ. ಈ ಕಡೆಯಲ್ಲಿ ನಿಲ್ಲುತ್ತೇನೆ' ಎಂದು ನಾನು ನಿಂತಿದ್ದ ಕಡೆ ಕೈ ತೋರಿಸಿದರು.

ಪ್ರತಿವಾದಿಯ ಸಾಲಿನಿಂದ ವಾದಿಯ ಸಾಲಿಗೆ ಅವರನ್ನು ಬದಲಿಸಲು ಅಲ್ಲೇ ಅರ್ಜಿ ಬರೆದೆ. ಸಾಹೇಬರು ಮಂಜೂರು ಮಾಡಿದರು. ದಾವೆಯ ಮೊದಲ ಪುಟದ ತಿದ್ದುಪಡಿಯನ್ನು ಕೆಂಪು ಶಾಯಿಯಲ್ಲಿ ಬರೆಯುವುದು ನಮ್ಮ ಕೋರ್ಟುಗಳ ಕ್ರಮ. ಆ ಮಧ್ಯಾಹ್ನ ಸಿರಸ್ತೇದಾರರ ಮೇಜಿನ ಮುಂದೆ ನಿಂತು, ಕೆಳಗಿನ ಸಾಲಿನಲ್ಲಿದ್ದ ಸಾಹುಕಾರರ ಹೆಸರನ್ನು ಹೊಡೆದು, ಮೇಲೆ ಮೇಷ್ಟ್ರ ಹೆಸರಿನ ಕೆಳಗೆ ಕೆಂಪಿನಲ್ಲಿ ಬರೆದೆ. ಇಬ್ಬರೂ ನನ್ನ ಹೆಗಲ ಮೇಲಿಂದ ಬಾಗಿ ನೋಡುತ್ತಿದ್ದರು. 'ಹೆಸರು ಸರಿಯಾಗಿ ಬರೆಯಿರಿ ವಕೀಲರೇ, ಡೀಡಿನಲ್ಲಿ ಇರುವ ಹಾಗೇ' ಎಂದರು ಮೇಷ್ಟ್ರು.